ಕಾಕಾನ ದ್ರಾಕ್ಷಿ ಹಂದರ

ನಮ್ಮ ಕಾಕಾನಿಗೆ ಅರವತ್ತೆರಡಾದರೂ ಲಗ್ನವಾಗದಿರಲು ಒಂದು ಗೋಡೆ ಕಾರಣ ಎಂದರೆ ನಂಬುತ್ತೀರಾ? ನಂಬಲೇಬೇಕು! ಸರ್ವೇಯರ್ ಆಗಿದ್ದ ಅವರು ಹರೆಯದಲ್ಲಿ ಬಾದಾಮಿಗೆ ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ತಿಂದು, ಹುಡುಗಿಯನ್ನು ಬಿಟ್ಟು ಗೋಡೆಯನ್ನು ನೋಡಿದರು. "ಗ್ವಾಡಿ ಎರಡು ಬೆರಳು ಓರೆ ಐತಿ" ಎಂದು ಹೇಳಿ ಎದ್ದು ಬಂದರು. ಆಮೇಲೆ ಯಾವ ಮನೆಯವರೂ ಅವರನ್ನು ಕರೆಯುವ ಧೈರ್ಯ ಮಾಡಲಿಲ್ಲ.

ಇಂಥವರು ನಿವೃತ್ತರಾದ ಮೇಲೆ ಬಾಗಲಕೋಟೆಯ ತಮ್ಮ ಮನೆಯ ಅಂಗಳದಲ್ಲಿ ದ್ರಾಕ್ಷಿ ಬೆಳೆಯಲು ಹೊರಟರು. ನೌಕರಿಗೆಂದು ನಾನೂ ಅವರ ಮನೆಯಲ್ಲೇ ಇದ್ದೆ. ಕಲಾದಗಿಯಿಂದ ತಂದ ಸಸಿ ಗೇಣುದ್ದ. ಅದಕ್ಕೆ ಆಳಿಗಿಂತ ಎತ್ತರದ ನಾಲ್ಕು ಕಲ್ಲುಕಂಬ! ತೂಗುಗುಂಡು ಇಳಿಬಿಟ್ಟು, ದಾರ ಹಿಡಿದು, ಒಂದೇ ಕಂಬವನ್ನು ಮೂರು ಸಲ ಕಿತ್ತು ನೆಟ್ಟರು. ಮೇಲಿನ ತಂತಿಗೆ ನಾನು ಹಾಕಿದ ಗಂಟಿಗೆ ಶಿಸ್ತಿಲ್ಲವೆಂದು ಬಿಚ್ಚಿ ತಾವೇ ಕಟ್ಟಿದರು. ಸಸಿ ಮಾತ್ರ ಎರಡು ಎಲೆ ಬಿಟ್ಟುಕೊಂಡು, ಇದೆಲ್ಲ ಯಾರಿಗಾಗಿ ಎಂಬಂತೆ ಮೂಲೆಯಲ್ಲಿ ನಿಂತಿತ್ತು.

ನಮ್ಮ ಕಡೆ ಅಂಗಳದಲ್ಲಿ ಹಂದರ ಎದ್ದಿತೆಂದರೆ ಲಗ್ನ ಎಂದೇ ಲೆಕ್ಕ. ಯಾರದು ಲಗ್ನ ಎಂದು ಎದುರುಮನೆಯವರು ನನ್ನನ್ನು ತಡೆದು ಕೇಳಿದರು. ಸುಮ್ಮನಿರಬಹುದಿತ್ತು. ಬಾಯಿ ಕೇಳಬೇಕಲ್ಲ? ಕಾಕಾನದೇ ಎಂದುಬಿಟ್ಟೆ.

ಎಂಟು ದಿನಗಳಲ್ಲಿ ಸುದ್ದಿ ಇಳಕಲ್ಲಿನ ಅತ್ತೆಗೆ ಮುಟ್ಟಿತು. ಅತ್ತೆ ಕಾಕಾನ ಅಕ್ಕ; ತಮ್ಮನ ಲಗ್ನದ ಆಸೆ ಬಿಡದ ಏಕೈಕ ಜೀವ. ಸುದ್ದಿ ಸುಳ್ಳೆಂದು ಗೊತ್ತಾದಾಗ, ಸುಳ್ಳಾದರೇನು, ನಿಜ ಮಾಡಿದರಾಯಿತು ಎಂದುಕೊಂಡು ಹುನಗುಂದದ ಗೆಳತಿಯನ್ನು ಕರೆದುಕೊಂಡು ಬಂದೇಬಿಟ್ಟರು. ಗೆಳತಿ ನಿವೃತ್ತ ಶಿಕ್ಷಕಿ. ಗಂಡ ತೀರಿಕೊಂಡು ಹತ್ತು ವರ್ಷ. ತವರಿನಲ್ಲಿ ದ್ರಾಕ್ಷಿ ತೋಟ. ತಮ್ಮನ ಹಂದರ ನೋಡಿ ಬರೋಣ ಎಂದಷ್ಟೇ ಅತ್ತೆ ಅವರಿಗೆ ಹೇಳಿದ್ದರಂತೆ!

ಕಾಕಾ ಏಣಿಯ ಮೇಲಿದ್ದರು. ಶಿಕ್ಷಕಿ ಹಂದರದ ಕೆಳಗೆ ನಿಂತು ಮೇಲೆ ನೋಡಿದರು.

"ತಂತಿ ಸಡ್ಲ ಐತ್ರಿ. ಹಣ್ಣಿನ ಭಾರಕ್ಕ ನಡುವ ಜೋತು ಬೀಳ್ತೈತಿ."

ಕಾಕಾ ನಿಧಾನವಾಗಿ ಇಳಿದರು.

"ಹಂಗಾರ ನೀವ ಬಿಗಿದು ತೋರಸ್ರಿ."

ಅವರು ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿಯೇಬಿಟ್ಟರು. ಕಾಕಾ ಏಣಿ ಹಿಡಿದು ನಿಂತರು. ಶಿಕ್ಷಕಿ ನಡುವಿನ ತಂತಿ ಜಗ್ಗಿ, ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಚಹಾ ಕುಡಿಯುವಾಗ ಅತ್ತೆ ಲಗ್ನದ ಮಾತೆತ್ತಿದರು. ಶಿಕ್ಷಕಿ ನಕ್ಕು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಅವರನ್ನು ಕಳಿಸಿದ ಮೇಲೆ ಕಾಕಾ ಮೊದಲು ಅತ್ತೆಯ ಮೇಲೆ, ಆಮೇಲೆ ನನ್ನ ಮೇಲೆ ರೇಗಿದರು. ಇನ್ನು ಆ ಗಂಟು ಬಿಚ್ಚುವುದೊಂದೇ ಬಾಕಿ ಎಂದು ನಾನು ಕಾದೆ. ಏಣಿ ಹತ್ತಿದರು, ಗಂಟನ್ನು ಮುಟ್ಟಿ ನೋಡಿದರು, ಇಳಿದು ಬಂದರು.

ಮರುವರ್ಷ ಬಳ್ಳಿ ಹಂದರ ತುಂಬಿತು. ಟೊಂಗೆ ಕತ್ತರಿಸುವ ಹೊತ್ತು ಬಂದಾಗ ಕಾಕಾ ಅತ್ತೆಯಿಂದ ನಂಬರು ಪಡೆದು ಹುನಗುಂದಕ್ಕೆ ಫೋನು ಮಾಡಿದರು. ಟೊಂಗೆಯಲ್ಲಿ ಎಷ್ಟು ಚಿಗುರುಗಣ್ಣು ಉಳಿಸಿ ಕತ್ತರಿಸಬೇಕೆಂದು ಕೇಳಿ ಬರೆದುಕೊಂಡರು. ಕೆಲಸದ ಮಾತು ಮುಗಿಯಿತು. ಫೋನು ಮಾತ್ರ ಇಡಲಿಲ್ಲ. ನಾನು ಕಂಡಂತೆ ಜನ್ಮದಲ್ಲಿ ಯಾರನ್ನೂ ಕೇಳದ ಮಾತು ಕೇಳಿದರು.

"ಊಟ ಆತೇನ್ರಿ?"

ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ.

"ನಂದೂ ಇನ್ನಾ ಆಗಿಲ್ರಿ" ಎಂದರು ಕಾಕಾ.

ನಾವಿಬ್ಬರೂ ಉಂಡು ಕೈ ತೊಳೆದು ಅರ್ಧ ತಾಸಾಗಿತ್ತು.