ಮಡಕಶಿರದಲ್ಲೊಂದು ಬಾಣಂತನ

ಬೇರೆಯವರ ಹಬ್ಬಕ್ಕೆ ಸಿಗುವ ರಜೆಯಷ್ಟು ಸುಖವಾದದ್ದು ಲೋಕದಲ್ಲಿ ಇನ್ನೊಂದಿಲ್ಲ. ಹೊಸ ಬಟ್ಟೆ ತರಬೇಕಾಗಿಲ್ಲ, ಬಂದ ನೆಂಟರಿಗೆ ನಗುಮುಖ ತೋರಿಸಬೇಕಾಗಿಲ್ಲ, ಕಾಲು ಚಾಚಿ ಮಲಗಿದರಾಯಿತು. ಈ ಸತ್ಯ ನನಗೆ ತಿಳಿದದ್ದು ನನ್ನ ಹಬ್ಬದ ರಜೆಯನ್ನು ಬೇರೆಯವರು ಅನುಭವಿಸುವುದನ್ನು ನೋಡಿ. ಆಗ ನಾನು ಮದ್ರಾಸು ಸರ್ಕಾರದ ನೌಕರ, ಮಡಕಶಿರದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಊರು ದೂರದ ಮಂಗಳೂರು. ದೊರೆಗಳ ಕಾಲವಾದ್ದರಿಂದ ಕ್ರಿಸ್‌ಮಸ್ಸಿಗೆ ಕಚೇರಿಗೆ ಧಾರಾಳವಾಗಿ ರಜೆ. ಆದರೆ ಖಜಾನೆಯಿರುವ ಕಚೇರಿಯನ್ನು ಬಿಟ್ಟು ಎಲ್ಲರೂ ಹೋಗುವಂತಿಲ್ಲ, ಒಬ್ಬರಾದರೂ ಊರಲ್ಲಿರಬೇಕು. ಇಡೀ ಕಚೇರಿಯಲ್ಲಿ ಕ್ರೈಸ್ತನೆಂದರೆ ನಾನೊಬ್ಬನೇ. ಉಳಿಯಬೇಕಾದವನೂ ನಾನೇ ಎಂದು ತೀರ್ಮಾನವಾಯಿತು.

ನಮ್ಮ ಶಿರಸ್ತೇದಾರರು ರಾಯದುರ್ಗದವರು, ಕೆಟ್ಟವರೇನಲ್ಲ. ಹಾಸಿಗೆ ಸುತ್ತಿಸಿ, ಗಾಡಿ ಹೇಳಿ, ಹೊರಡುವ ಮುನ್ನ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಯಾಕ್ರೀ, ಮುಖ ಸಣ್ಣದು ಮಾಡೀರಿ? ನಮಗೆಲ್ಲ ಹೆಂಡ್ರು ಮಕ್ಕಳು ದಾರಿ ಕಾಯ್ತಿರ್ತಾರ. ನಿಮಗ ಮದುವಿಲ್ಲ, ಮಕ್ಕಳಿಲ್ಲ. ಹಬ್ಬ ಇಲ್ಲೇ ಮಾಡ್ರಿ, ಯಾರು ಬ್ಯಾಡ ಅಂತಾರ?" ಎಂದರು. "ಹಬ್ಬ ನನ್ನದಲ್ಲವೇ ಸಾರ್?" ಎಂದೆ. "ಅದಕ್ಕ ಹೇಳಿದ್ದು. ಅದನ್ನ ಹೆಂಗ ಮಾಡ್ಬೇಕು ಅಂತ ನಿಮಗ ಗೊತ್ತು. ನಾವು ಇಲ್ಲಿ ಕುಂತು ಏನ್ ಮಾಡೋಣ್ರಿ?" ಎಂದು ಗಾಡಿ ಹತ್ತಿದರು. ವಾದದಲ್ಲಿ ತಪ್ಪೇನೂ ಕಾಣಲಿಲ್ಲ. ನನ್ನ ಹೊಟ್ಟೆ ಉರಿದದ್ದೂ ಸುಳ್ಳಲ್ಲ.

ಮಂಗಳೂರಿನಲ್ಲಿ ಆ ಹೊತ್ತಿಗೆ ಅಮ್ಮ ಹಬ್ಬದ ತಿಂಡಿಗಳನ್ನು ಕರಿದು ಡಬ್ಬಿಗಳಿಗೆ ತುಂಬುತ್ತಿರುತ್ತಾಳೆ. ಕೋಳಿ ಸಾರಿಗೆ ಮಸಾಲೆ ಅರೆಯುವ ಸದ್ದು. ಇಗರ್ಜಿಯಲ್ಲಿ ಪಾದ್ರಿಗಳ ಪ್ರಸಂಗಕ್ಕೆ ತೂಕಡಿಸಿ ಅಪ್ಪನಿಂದ ತಿವಿಸಿಕೊಳ್ಳುವುದು ಕೂಡ ಸುಖವೇ ಎಂದು ಮಡಕಶಿರಕ್ಕೆ ಬಂದ ಮೇಲೆ ಗೊತ್ತಾಯಿತು. ಇಲ್ಲಿ ಇಗರ್ಜಿಯಿಲ್ಲ, ಪಾದ್ರಿಯಿಲ್ಲ. ಕೋಳಿಯ ಮಾತಂತೂ ಎತ್ತುವ ಹಾಗೇ ಇಲ್ಲ. ನಾನಿದ್ದದ್ದು ಕಡಲೆಕಾಯಿ ವ್ಯಾಪಾರ ಮಾಡುವ ಶೈವರೊಬ್ಬರ ಮನೆಯ ಹೊರಕೋಣೆಯಲ್ಲಿ, ಮೊಟ್ಟೆಯನ್ನೂ ಒಳಗೆ ತರುವುದಿಲ್ಲವೆಂದು ಮಾತು ಕೊಟ್ಟು. ಆ ದಿನ ಬರಿದೇ ಕಳೆದುಹೋದೀತು, ಇವತ್ತು ಹಬ್ಬ ಎಂದು ನನ್ನೊಡನೆ ಹೇಳುವ ಒಂದು ಜೀವವೂ ಇರುವುದಿಲ್ಲ ಎಂಬುದೇ ನನಗಿದ್ದ ಸಂಕಟ. ಕೊನೆಗೆ ಗೋದಲಿಯನ್ನಾದರೂ ಮಾಡೋಣವೆಂದುಕೊಂಡೆ. ಗೋದಲಿಯೆಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆ, ಅದನ್ನು ಬೊಂಬೆಯಿಟ್ಟು ಮಾಡುತ್ತೇವೆ.

ಕುಂಬಾರನ ಹತ್ತಿರ ಎತ್ತುಗಳು ಬೇಕಾದಷ್ಟು ಸಿದ್ಧವಾಗಿದ್ದವು. ತಾಯಿ, ಮಗು ಮಾಡಿಕೊಡು ಎಂದರೆ ಮೂಗುತಿಯಿಟ್ಟು, ಸೊಂಟಕ್ಕೆ ಡಾಬು ಕಟ್ಟಿ, ಯಾರೋ ಗೌಡರ ಮನೆಯ ಸೊಸೆಯನ್ನೇ ಮಾಡಿಕೊಟ್ಟ. ಅವಳ ಗಂಡ ಬಡಗಿ ಜೋಸೆಫನಿಗೆ ದೊಡ್ಡ ರುಮಾಲು. ಕುರಿ ಕಾಯುವವರಿಗೆ ಕಂಬಳಿ ಹೊದಿಸಿದ್ದು ಮಾತ್ರ ನಮ್ಮೂರಿನ ಗೋದಲಿಗಿಂತ ಸರಿಯಾಗಿತ್ತು. ಹಬ್ಬದ ಹಿಂದಿನ ಸಂಜೆ ಕೋಣೆಯ ಮೂಲೆಯಲ್ಲಿ ಹುಲ್ಲು ಹರಡಿ ಎಲ್ಲರನ್ನೂ ಕೂರಿಸುತ್ತಿದ್ದೆ. ಮನೆಯೊಡತಿ ಬಸಮ್ಮ ಬಾಗಿಲಲ್ಲಿ ಬಂದು ನಿಂತರು. ಅಮ್ಮನ ವಯಸ್ಸಿನವರು, ಐದು ಮಕ್ಕಳ ತಾಯಿ.

"ಇದ್ಯಾರಪ್ಪ ಈ ಯಮ್ಮ, ದನದ ಕೊಟ್ಟಿಗೇಲಿ ಕುಂತವ್ಳೆ?" ಎಂದು ಕೇಳಿದರು. ಕಥೆ ಹೇಳಿದೆ. ಮಿಕ್ಕದ್ದೆಲ್ಲ ಸುಮ್ಮನೆ ಕೇಳಿಕೊಂಡವರು ಹೆರಿಗೆಯ ಮಾತು ಬಂದೊಡನೆ ಕೆಂಡವಾದರು. "ಚೊಚ್ಚಲ ಹೆರಿಗೆ ತೌರ್‌ಮನೇಲಿ ಅಲ್ವೇನಪ್ಪ? ಹೆತ್ತೋರು ಏನ್ ಮಾಡ್ತಿದ್ರು?"

"ತವರು ದೂರ, ಅಮ್ಮ. ಎಲ್ಲರೂ ಅವರವರ ಮೂಲದ ಊರಿಗೆ ಹೋಗಿ ಹೆಸರು ಬರೆಸಬೇಕೆಂದು ಸರ್ಕಾರದ ಹುಕುಂ ಆಗಿತ್ತು."

"ದಿನ ತುಂಬಿದ ಬಸುರೀನ ಅಲ್ಲೀಗಂಟ ಕರ್ಕೊಂಡೋದ್ರಾ? ಎಲ್ಲಾ ಸರ್ಕಾರ್‌ದೋರೂ ಒಂದೇ ಕಣಪ್ಪ. ನಿನ್ನೂ ಹಂಗೇ ತಾನೆ ಇಲ್ಲಿ ಕುಂಡ್ರಿಸವ್ರೆ, ಹಬ್ಬದಾಗೆ ಹೆತ್ತೋರ ತಾವ ಹೋಗ್ದಂಗೆ."

ವರ್ಷವರ್ಷವೂ ಪಾದ್ರಿಗಳು ಹೇಳುವಾಗ ನಾನು ತೂಕಡಿಸಿದ್ದರ ಫಲವೋ ಏನೋ, ಆ ತಾಯಿಯೂ ಹುಕುಮಿಗೆ ಸಿಕ್ಕಿ, ತವರು ಬಿಟ್ಟು, ಗುರುತಿಲ್ಲದವರ ನಡುವೆಯೇ ಆ ದಿನವನ್ನು ಕಳೆದವಳೆಂದು ಅದುವರೆಗೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ಮೇಲೆ ನೀನೇ ಅವಳಿಗೆ ಅಣ್ಣ ಅಂದ್ಕೋ. ತೌರ್ನೋರು ಅಂತ ಒಬ್ರಾದ್ರೂ ಇರ್ಲಿ" ಎಂದು ಹೇಳಿ ಒಳಗೆ ಹೋದರು. ಹೀಗೆ ನಾನು ಅರೆಗಳಿಗೆಯಲ್ಲಿ ಯೇಸುಸ್ವಾಮಿಯ ಸೋದರಮಾವನಾದೆ. ನಮ್ಮ ಪಾದ್ರಿಗಳು ಕೇಳಿದ್ದರೆ ಏನೆನ್ನುತ್ತಿದ್ದರೋ.

ಬೆಳಗಾಗುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಬಂದರು. ಬಾಣಂತಿಗೆ ಗಾಳಿ ಆಗದೆಂದು ಕಿಟಕಿ ಮುಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ನನ್ನ ಕಣ್ಣುಮೂಗೆಲ್ಲ ಸುರಿಯುವಂತೆ ಮಾಡಿದರು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಬಿತ್ತು. ಒಬ್ಬಾಕೆ ಮೊಮ್ಮಗನ ಕುಲಾವಿ ತಂದಿದ್ದಳು. ಹೆಬ್ಬೆರಳುದ್ದದ ಕೂಸು ಪೂರ್ತಿಯಾಗಿ ಆ ಕುಲಾವಿಯೊಳಗೆ ಮುಳುಗಿಹೋಯಿತು. ಆಮೇಲೆ ಬಾಣಂತಿಯ ಊಟ ಬಂತು. ಮೆತ್ತನೆಯ ಅನ್ನ, ತುಪ್ಪ, ಬೆಳ್ಳುಳ್ಳಿ ಸುರಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ. ಎದುರಿಗಿಟ್ಟು ಎಡೆ ತೋರಿಸಿಯಾದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. "ಅವಳ ಹೆಸರು ಹೇಳ್ಕೊಂಡು ನೀನೇ ಉಣ್ಣಪ್ಪ. ಬಾಣಂತಿ ಅನ್ನ ಬಿಸಾಡಬಾರ್ದು" ಎಂದರು ಬಸಮ್ಮ. ಕೋಳಿ ಸಾರಿನ ಕನಸು ಕಂಡವನು ಬಾಣಂತಿಯ ಸಾರಿಗೆ ಕೈಯಿಕ್ಕಿದೆ. ಹೆಂಗಸರು ಜೋಗುಳ ಹೇಳತೊಡಗಿದರು. ಅರ್ಧ ಕನ್ನಡ, ಅರ್ಧ ತೆಲುಗು. ನನ್ನ ಕಣ್ಣಲ್ಲಿ ನೀರು ಬಂತು. ಮೆಣಸು ಖಾರ ಎಂದು ಹೇಳಿದೆ. ಯಾರೂ ನಂಬಲಿಲ್ಲ. ಮನೆಯ ನೆನಪಾಗಿತ್ತು, ಮನೆಯಲ್ಲೇ ಇದ್ದ ಹಾಗೂ ಆಗಿತ್ತು.

ಅಂದಿನಿಂದ ಬಾಣಂತಿಯ ಊಟ ದಿನವೂ ತಪ್ಪದೆ ಬಂತು. ಹೊಸ ವರ್ಷ ಕಳೆದು ಶಿರಸ್ತೇದಾರರು ಮೈಕೈ ತುಂಬಿಕೊಂಡು ಬಂದರು. ಬಂದವರೇ, "ಪಾಪ, ನೀವೂ ಒಂದು ವಾರ ಊರಿಗೆ ಹೋಗಿ ಬರ್ರಿ" ಎಂದು ರಜೆ ಕೊಟ್ಟರು. ನಾನು ಹಾರಿಕೊಂಡು ಹೋಗಿ ಹಾಸಿಗೆ ಕಟ್ಟಿದೆ. ಬಸಮ್ಮ ಬಾಗಿಲಿಗೆ ಅಡ್ಡ ನಿಂತರು. "ಹಸಿ ಬಾಣಂತೀನ ಬಿಟ್ಟು ಎಲ್ಲಿಗಪ್ಪ ಹೊರಟೆ? ಆ ಬಡಗಿಯಪ್ಪಂಗೆ ಏನ್ ತಿಳೀತದೆ? ಅಣ್ಣ ಅಂತ ಇದ್ದೋನೂ ಹೊಂಟೋದ್ರೆ ಅವಳು ಯಾರ ಮಖ ನೋಡ್ಬೇಕು?" ಮಣ್ಣಿನ ಬೊಂಬೆ ಎನ್ನಬಹುದಿತ್ತು. ಅವಳ ಹೆಸರು ಹೇಳಿಕೊಂಡು ಇಷ್ಟು ದಿನ ತುಪ್ಪ ಉಂಡ ಬಾಯಲ್ಲಿ ಆ ಮಾತು ಬರಲಿಲ್ಲ. ಹಾಸಿಗೆ ಬಿಚ್ಚಿದೆ.

ಮರುದಿನ ಕಚೇರಿಯಲ್ಲಿ ನನ್ನನ್ನು ಕಂಡು ಶಿರಸ್ತೇದಾರರು, "ಯಾಕ್ರೀ, ಹೋಗ್ಲಿಲ್ಲ?" ಎಂದರು. "ಮನೆಯಲ್ಲಿ ಹಸಿ ಬಾಣಂತಿ ಸಾರ್, ಬಿಟ್ಟು ಹೋಗುವ ಹಾಗಿಲ್ಲ" ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ವಿವರಿಸಲು ಹೊರಟರೆ, "ಏನೂ ಹೇಳಬ್ಯಾಡ್ರಿ, ನಾನೂ ಕೇಳಂಗಿಲ್ಲ" ಎಂದು ಕೈಯೆತ್ತಿ ತಡೆದರು.

ಮಾರನೆಯ ವರ್ಷ ಕ್ರಿಸ್‌ಮಸ್ಸಿಗೆ ಎಲ್ಲರಿಗಿಂತ ಮೊದಲು ಮಂಜೂರಾದದ್ದು ನನ್ನ ರಜೆ. ಶಿರಸ್ತೇದಾರರು ನನ್ನನ್ನು ಬದಿಗೆ ಕರೆದು, ದನಿ ತಗ್ಗಿಸಿ, "ಈ ಸಲ ಆ ಹೆಣ್ಣುಮಗಳನ್ನ, ಕೂಸನ್ನ ಕರ್ಕೊಂಡೇ ಹೋಗ್ರಿ. ನಿಮ್ಮ ತಾಯಿ ತಂದಿ ಮುಂದ ಲಕ್ಷಣವಾಗಿ ಮದುವಿ ಮಾಡ್ಕೊಳ್ರಿ. ಇಲ್ಲಿ ಕಚೇರಿ ನಾವು ನೋಡ್ಕೋತೀವಿ" ಎಂದರು. ಅವರ ತಪ್ಪು ತಿದ್ದಲು ಬಾಯಿ ತೆರೆದೆ. ತಿದ್ದಿದರೆ ರಜೆ ಹೋದೀತೆಂದು ಮುಚ್ಚಿಕೊಂಡೆ.