ಹೆಸರಿಲ್ಲದ ರಾಜ್ಯದ ಕಿಲ್ಲೆ

ನಮ್ಮ ಕಾಕಾ, ಅಪ್ಪನ ತಮ್ಮ, ಒಂದು ಕೋಟೆಯ ಒಡೆಯ ಎಂದರೆ ನೀವು ನಂಬಲಾರಿರಿ. ಘೋಡಗೇರಿಯಲ್ಲಿ ಕಬ್ಬು ಬೆಳೆಯುವ ಮನುಷ್ಯನಿಗೆ ಎಲ್ಲಿಯ ಕೋಟೆ! ಆದರೆ ಇದೆ. ಪ್ರತಿ ದೀಪಾವಳಿಗೂ ನಮ್ಮ ಅಂಗಳದಲ್ಲಿ ಏಳುತ್ತದೆ.

ನಮ್ಮ ಕಡೆ ದೀಪಾವಳಿಗೆ ಹುಡುಗರು ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಇತಿಹಾಸದ ಯಾವುದೋ ಕೋಟೆಯನ್ನು ಅನುಕರಿಸಿ, ಗೋಕಾಕ ಪೇಟೆಯಿಂದ ತಂದ ಸೈನಿಕರ ಗೊಂಬೆಗಳನ್ನು ನಿಲ್ಲಿಸುತ್ತಾರೆ. ತಲೆ ನರೆತ ಕಾಕಾನದು ಮಾತ್ರ ಯಾವ ನಕಾಶೆಯಲ್ಲೂ ಇಲ್ಲದ ರಾಜ್ಯದ ಕಿಲ್ಲೆ. ಆ ರಾಜ್ಯದ ಹೆಸರೇನೆಂದು ಕೇಳಿದರೆ, ಹೆಸರಿಟ್ಟರೆ ಯಾರಾದರೂ ಗೆಲ್ಲಲು ಬರುತ್ತಾರೆ ಎನ್ನುತ್ತಾನೆ.

ಅಲ್ಲಿಯ ಒಂದೊಂದಕ್ಕೂ ಅರ್ಥವಿದೆ. ಎತ್ತರದ ಬುರುಜು ಎಂದರೆ ತಾಳ್ಮೆ. ಅದಕ್ಕೇ ಮೇಲಿಂದ ಮೇಲೆ ಕುಸಿಯುತ್ತದೆ. ಕಂದಕವೆಂದರೆ ಸಿಟ್ಟು, ಬೆಳಿಗ್ಗೆ ತುಂಬಿದ ನೀರು ಮಧ್ಯಾಹ್ನಕ್ಕೆ ಇಂಗಿರುತ್ತದೆ. ತೋಪುಗಳ ಬಾಯಿಯಂತೂ ಒಳಮುಖ! ಹೊರಗಿನಿಂದ ವೈರಿ ಬಂದರೆ ಗತಿಯೇನು?

"ಹೊರಗಿನವ್ರು ಚಾ ಕುಡದು ಹೋಗತಾರ. ಕಾಟ ಕೊಡಾವ್ರು ಒಳಗಿನವ್ರ" ಎಂಬುದು ಕಾಕಾನ ಯುದ್ಧನೀತಿ.

ಒಮ್ಮೆ ನನ್ನ ತಂಗಿಯ ಗಂಡ ಮೂಡಲಗಿಯಿಂದ ಹಬ್ಬದ ಊಟಕ್ಕೆ ಬಂದವನು ಮೊಬೈಲ್ ನೋಡುತ್ತ ಕೋಟೆಗೋಡೆಯ ಮೇಲೆ ಕಾಲಿಟ್ಟ. ಕಾಕಾ ಬೈಯಲಿಲ್ಲ. ಒಂದು ಬುಟ್ಟಿ ಹಸಿಮಣ್ಣು ತಂದು ಅವನ ಮುಂದಿಟ್ಟ. ಅಳಿಯದೇವರು ಹೊಸ ಪ್ಯಾಂಟು ಮಡಚಿಕೊಂಡು ಗೋಡೆ ಎಬ್ಬಿಸುವವರೆಗೂ ಹೋಳಿಗೆ ಕಣ್ಣಿಗೆ ಬೀಳಲಿಲ್ಲ.

ಈ ವರ್ಷ ಅಪ್ಪ ತೀರಿಕೊಂಡ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ನಾವು ಆಕಾಶಬುಟ್ಟಿಯನ್ನೂ ಕಟ್ಟಿರಲಿಲ್ಲ. ಆದರೂ ಹಬ್ಬದ ಬೆಳಿಗ್ಗೆ ಕಾಕಾ ಅಂಗಳದಲ್ಲಿ ಕುಳಿತು ಕಿಲ್ಲೆ ಕಟ್ಟುತ್ತಿದ್ದ. ನನಗೆ ದಿಗಿಲಾಯಿತು. ಅವ್ವ ಶೋಕದ ನೇಮಗಳನ್ನೆಲ್ಲ ಬಿಗಿಯಾಗಿ ಹಿಡಿದಿದ್ದಳು. ಸಿಟ್ಟಿನಿಂದ ಅದನ್ನು ಕೆಡವಿಬಿಟ್ಟರೆ? ಉಳಿದಿರುವ ಈ ಇಬ್ಬರು ಹಿರಿಯರ ನಡುವೆ ಮಾತೇ ನಿಂತುಹೋದರೆ?

ಅವ್ವ ಬಾಗಿಲಿಗೆ ಬಂದಳು. "ಏನಪಾ ಇದು? ಈ ವರ್ಷ ನಮಗ ಹಬ್ಬ ಐತೇನು?"

"ಹಬ್ಬ ಅಲ್ಲ ವೈನಿ." ಕಾಕಾ ತಲೆಯೆತ್ತಲಿಲ್ಲ. "ಅಣ್ಣಗ ಇರಾಕ ಜಾಗಾ ಮಾಡಾಕತ್ತೇನಿ."

ಅವ್ವ ಅಂಗಳಕ್ಕೆ ಇಳಿದಳು. ಅಡ್ಡ ಹೋಗಬೇಕೆಂದುಕೊಂಡೆ, ಅಷ್ಟರಲ್ಲಿ ಕಿಲ್ಲೆಯ ಮುಂದೆ ನಿಂತಿದ್ದಳು. ಅವಳು ಬುರುಜಿಗೆ ಹತ್ತುವ ಪುಟ್ಟ ಮೆಟ್ಟಿಲುಗಳನ್ನು ಬಹಳ ಹೊತ್ತು ನೋಡಿದಳು.

"ಅವರ ಮೊಣಕಾಲ ನೋಯತಾವ. ಹಿಡಕೊಳ್ಳಾಕ ಏನರ ಇಟ್ಟಿಯೇನು?"

ಕಾಕಾ ಇಟ್ಟಿರಲಿಲ್ಲ.

ಅವ್ವ ಒಲೆಯ ಪಕ್ಕ ಒಟ್ಟಿದ್ದ ಸಣ್ಣ ಕಟ್ಟಿಗೆಗಳನ್ನು ಮುರಿದು ತಂದು, ಅವನ ಬಳಿ ಕುಳಿತು, ಮೆಟ್ಟಿಲುಗಳ ಅಂಚಿಗೆ ಒಂದೊಂದಾಗಿ ಊರತೊಡಗಿದಳು.