ಮೀನಿಗೆ ಮಂಡಕ್ಕಿ ಹಾಕಿದ ಪುಣ್ಯ

ಮದುವೆಯಾಗಿ ಹನ್ನೊಂದು ವರ್ಷವಾದರೂ ನಮ್ಮ ಅತ್ತೆಯ ಬಾಯಿಂದ ನನಗೊಂದು 'ಭೇಷ್' ಸಿಕ್ಕಿರಲಿಲ್ಲ. ಈ ಸಲ ಅವರು ಸ್ಯಾನ್ ಡಿಯಾಗೋದ ನಮ್ಮ ಮನೆಗೆ ಬಂದಾಗ ಅದನ್ನು ಗಿಟ್ಟಿಸಿಯೇ ತೀರಬೇಕೆಂದು ಪಣ ತೊಟ್ಟೆ.

"ವರ್ಷಾ ವರ್ಷ ಶೃಂಗೇರಿಗೆ ಹೋಗಿ ಮೀನಿಗೆ ಮಂಡಕ್ಕಿ ಹಾಕ್ತಿದ್ದೆ. ಈ ವರ್ಷ ಹರಕೆ ತಪ್ಪಿಹೋಯ್ತು" ಎಂದು ಒಂದು ದಿನ ಅತ್ತೆ ನಿಟ್ಟುಸಿರು ಬಿಟ್ಟರು.

"ತಪ್ಪೋದ್ಯಾಕೆ ಅತ್ತೆ? ಅಳಿಯ ನಾನಿಲ್ವಾ!" ಎಂದೆ.

ಒಂದೂವರೆ ಗಂಟೆ ದೂರದಲ್ಲಿ ಸರ್ಕಾರದ ವನ್ಯಜೀವಿ ಪ್ರದೇಶವೊಂದಿದೆ. ಬೇಟೆಯವರು, ಗಾಳದವರು, ಹಕ್ಕಿ ನೋಡುವವರು, ಎಲ್ಲರಿಗೂ ಪ್ರವೇಶವುಂಟು. ಆದರೆ ಪಾಸ್ ಬೇಕು, ಇಲ್ಲವೇ ಮೀನು ಹಿಡಿಯುವ ಲೈಸೆನ್ಸ್. ಅತ್ತೆಗೂ ಹೆಂಡತಿ ಸುಮಾಗೂ ಪಾಸ್ ತೆಗೆದೆ. ನಾನು ಮೀನಿನ ಕೆಲಸಕ್ಕೇ ಹೋಗುವವನಲ್ಲವೇ? ನನಗೆ ಲೈಸೆನ್ಸ್!

"ಪೂರ್ತಿ ಓದಿ ಅಪ್ಲೈ ಮಾಡಿದ್ರಾ?" ಎಂದಳು ಸುಮಾ. ಇಂಥ ಪ್ರಶ್ನೆಗೆ ಉತ್ತರಿಸುವ ಪದ್ಧತಿ ನನ್ನಲ್ಲಿಲ್ಲ.

ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಮಂಡಕ್ಕಿ ಚೀಲದೊಂದಿಗೆ ಅಲ್ಲಿನ ಕೆರೆ ದಂಡೆಗೆ ಹೋದೆವು. ಅತ್ತೆ ಕೈಮುಗಿದು ಒಂದು ಹಿಡಿ ಎರಚಿದರು. ಒಂದೂ ಮೀನಿಲ್ಲ. ನಾನು ಅರ್ಧ ಚೀಲ ಸುರಿದೆ. ಐದೇ ನಿಮಿಷಕ್ಕೆ ನೀರು ಕುದಿಯುವಂತಾಯಿತು. ಮೊಣಕೈ ಉದ್ದದ ಮೀನುಗಳು!

"ಶೃಂಗೇರೀಲೇ ನಿಂತ ಹಾಗಿದೆ" ಎಂದು ಅತ್ತೆ ಕಣ್ಣೊರೆಸಿಕೊಂಡರು. 'ಭೇಷ್' ಅವರ ತುಟಿಯ ತನಕ ಬಂದಿದ್ದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ, ಬೆಳಗಿನಿಂದ ಆಚೆ ತೂಕಡಿಸುತ್ತಿದ್ದ ನಾಲ್ವರು ಗಾಳದವರು ಕುರ್ಚಿ ಎತ್ತಿಕೊಂಡು ನಮ್ಮ ಪಕ್ಕದಲ್ಲೇ ಬಂದು ಕೂತರು. ಅತ್ತೆ ಭಕ್ತಿಯಿಂದ ಉಣಿಸಿದ ಮೀನುಗಳು ಒಂದೊಂದಾಗಿ ಗಾಳಕ್ಕೆ ಸಿಕ್ಕಿ ಮೇಲೇರಿದವು.

"ಅಯ್ಯೋ, ಏನಾದ್ರೂ ಮಾಡಿ!" ಎಂದು ಅತ್ತೆ ಕಿರುಚಿದರು.

ಮಾಡಿದೆ. ಮೀನುಗಳನ್ನು ಪಾರು ಮಾಡಲು ಉಳಿದ ಮಂಡಕ್ಕಿಯನ್ನು ಹತ್ತು ಹೆಜ್ಜೆ ಆಚೆ ಎರಚಿದೆ. ಮೀನುಗಳು ಅಲ್ಲಿಗೆ ಬಂದವು. ಕುರ್ಚಿಗಳೂ ಬಂದವು.

ಕೊನೆಗೆ ವನ್ಯಜೀವಿ ಇಲಾಖೆಯ ವಾರ್ಡನ್ ಬಂದ. ತಿನಿಸು ಎಸೆದು ಮೀನು ಸೇರಿಸುವುದು ಅಲ್ಲಿ ನಿಷಿದ್ಧವಂತೆ. ನಾನು ಶುದ್ಧ ಸಸ್ಯಾಹಾರಿ, ಮೀನು ಹಿಡಿಯುವವನೇ ಅಲ್ಲ ಎಂದು ಗಂಭೀರವಾಗಿ ನಿವೇದಿಸಿಕೊಂಡೆ. ಹಾಗಾದರೆ ಪಾಸ್ ತೋರಿಸು ಎಂದ. ಲೈಸೆನ್ಸ್ ತೋರಿಸಿದೆ! ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಲಿಖಿತ ಎಚ್ಚರಿಕೆ ಕೊಟ್ಟು ಹೋದ.

ಹೊರಡುವಾಗ ಗಾಳದವನೊಬ್ಬ ನನ್ನ ಬೆನ್ನು ತಟ್ಟಿ, "ಗುಡ್ ಜಾಬ್, ಮ್ಯಾನ್!" ಎನ್ನುತ್ತಾ ನನ್ನ ಪಾಲಿನ ಮೀನನ್ನು ಮುಂದೆ ಹಿಡಿದ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಏನಂತೆ ಅವನಿಗೆ?"

"ಇವರಿಗೆ ಭೇಷ್ ಅಂದ, ಅಮ್ಮ" ಎಂದಳು ಸುಮಾ.

ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕಿದ್ದು ಅದೊಂದೇ.